ಥಾರ್‌ಗೆ ಟಿಪಿಎಂಎಸ್ ಹಾಕಿಸಿದ್ದೀನಿ, ಲೋ ಅಲಾರಂ ಎಷ್ಟಕ್ಕೆ ಇಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಟಿಪಿಎಂಎಸ್ ಅಂದರೆ ಟೈರಿನ ಹವಾ ಎಷ್ಟಿದೆ ಅಂತ ತೋರಿಸಿ, ಕಮ್ಮಿಯಾದರೆ ಅಲಾರಂ ಹೊಡೆಯೋ ಸಾಧನ, ಅದರಲ್ಲಿ ವಾಲ್ವ್ ಮೇಲೆ ಕ್ಯಾಪ್ ಥರ ತಿರುಗಿಸಿ ಕೂರಿಸೋ ಸೆನ್ಸರ್ ಕಿಟ್ ತಗೊಂಡಿದ್ದೀರಿ. ಬೆಳಗಾವಿಯಿಂದ ಜಾಂಬೋಟಿ ಕಡೆ ಹೋಗಿ ಕಚ್ಚಾ ದಾರಿಗೆ ಅಂತ ಹವಾ ಇಳಿಸಿದ ಕೂಡಲೇ ಅದು ಬೀಪ್ ಬೀಪ್ ಅಂತ ತಲೆ ತಿನ್ನುತ್ತೆ, ಅದಕ್ಕೆ ಲೋ ಲಿಮಿಟ್ 15 ಪಿಎಸ್‌ಐಗೆ (ಹವಾದ ಒತ್ತಡದ ಅಳತೆ) ಇಟ್ಟು ಸುಮ್ನೆ ಬಿಟ್ಟುಬಿಡಲಾ ಅಂತ ಕೇಳ್ತಿದ್ದೀರಿ.

ಬೇಡ. 15ಕ್ಕೆ ಇಟ್ಟರೆ ಆ ಕಿಟ್ ಹಾಕಿಸಿದ್ದೇ ದಂಡ. ಟೈರಿಗೆ ನಿಜವಾದ ಅಪಾಯ ಇರೋದು ಕಾಡುದಾರಿಯಲ್ಲಲ್ಲ, ವಾಪಸ್ ಬರುವಾಗ ಹೈವೇಯಲ್ಲಿ. ಹವಾ ಕಮ್ಮಿ ಇರೋ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತೆ, ಅದರಿಂದ ಬಿಸಿ ಏರುತ್ತೆ, ಸ್ಪೀಡ್ ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ. ಕೊನೆಗೆ ಒಳಗಿನ ದಾರ ರಬ್ಬರು ಬೇರೆಯಾಗಿ ಟೈರು ಸಿಡಿಯುತ್ತೆ. ಒಂದು ಜಾಲಿ ಮುಳ್ಳು ಚುಚ್ಚಿ ಹವಾ ಮೆಲ್ಲಗೆ ಇಳೀತಾ 20ಕ್ಕೆ ಬಂದಿದೆ, ನೀವು ಹಾಡು ಹಾಕ್ಕೊಂಡು ನೂರರಲ್ಲಿ ಹೋಗ್ತಿದ್ದೀರಿ ಅಂತಿಟ್ಟುಕೊಳ್ಳಿ. ಅಲಾರಂ 15ಕ್ಕೆ ಇದ್ದರೆ ಅದು ಬಾಯಿ ಬಿಡೋದೇ ಇಲ್ಲ.

ಹಾಗಾಗಿ ಲಿಮಿಟ್ ಇಡಬೇಕಾದ್ದು ರೋಡಿನ ಲೆಕ್ಕಕ್ಕೆ. ಡ್ರೈವರ್ ಬಾಗಿಲು ತೆಗೆದರೆ ಒಳಗೆ ಸ್ಟಿಕ್ಕರ್ ಇರುತ್ತೆ ಅಲ್ವಾ, ಅದರಲ್ಲಿ ಬರೆದಿರೋ ನಂಬರೇ ಆಧಾರ. ಪಂಕ್ಚರ್ ಅಂಗಡಿಯವರು ಎಲ್ಲ ಗಾಡಿಗೂ 35 ಹೊಡೀತಾರೆ, ಅದನ್ನ ಹಿಡ್ಕೋಬೇಡಿ. ಅಮೆರಿಕದ ನಿಯಮದಲ್ಲಿ ಸ್ಟಿಕ್ಕರಿನ ನಂಬರಿಗಿಂತ 25 ಪರ್ಸೆಂಟ್ ಕೆಳಗೆ ಇಳಿದರೆ ದೀಪ ಹತ್ತಲೇಬೇಕು, ಯುರೋಪಿನದ್ದು 20, ಅದೂ ಓಡಿ ಬಿಸಿಯಾದ ಟೈರಿನ ಪ್ರೆಶರಿಗಿಂತ. ನಾನು ಸ್ಟಿಕ್ಕರಿನ ನಂಬರಿಗೇ 20 ಹಿಡೀತೀನಿ. ಲೆಕ್ಕಕ್ಕೆ 32 ಪಿಎಸ್‌ಐ ಅಂದುಕೊಂಡರೆ ಲೋ 26. ಹಿಂದೆ ಮುಂದೆ ಬೇರೆ ಬೇರೆ ಪ್ರೆಶರ್ ಇದ್ದರೆ ಎರಡಕ್ಕೂ ಬೇರೆ ಬೇರೆ ಇಡಿ, ಸುಮಾರು ಕಿಟ್‌ಗಳಲ್ಲಿ ಆ ಆಪ್ಷನ್ ಇರುತ್ತೆ.

ಈಗ ಎಲ್ಲರೂ ಎಡವೋ ಜಾಗ. ಸ್ಟಿಕ್ಕರಿನ ನಂಬರ್ ಅನ್ನೋದು ತಣ್ಣಗಿರೋ ಟೈರಿಗೆ, ಅಂದರೆ ಬೆಳಿಗ್ಗೆ ಗಾಡಿ ಹೊರಡೋ ಮುಂಚೆ. ನಮ್ಮ ವಿಜಯಪುರದ ಕಡೆ ಏಪ್ರಿಲ್ ಮೇನಲ್ಲಿ ಮಧ್ಯಾಹ್ನ ಬಿಸಿಲು 40 ದಾಟುತ್ತೆ. ಗಾಡಿ ಓಡಿ ಬಂದು ಬಂಕಿನಲ್ಲಿ ನಿಂತಾಗ ಟೈರೊಳಗಿನ ಗಾಳಿ 50 ಡಿಗ್ರಿ ಇದೆ ಅಂದುಕೊಳ್ಳಿ. ಆಗ ಹುಡುಗ ಸರಿಯಾಗಿ 32 ತುಂಬಿ ಕಳಿಸ್ತಾನೆ. ಮರುದಿನ ಬೆಳಿಗ್ಗೆ 22 ಡಿಗ್ರಿಯಲ್ಲಿ ಅದೇ ಟೈರು 28 ತೋರಿಸುತ್ತೆ. ಹವಾ ಎಲ್ಲೂ ಸೋರಿಲ್ಲ, ತಣ್ಣಗಾಗಿದೆ ಅಷ್ಟೇ. ಹತ್ತು ಡಿಗ್ರಿಗೆ ಹೆಚ್ಚು ಕಮ್ಮಿ ಒಂದೂವರೆ ಪಿಎಸ್‌ಐ ಅಂತ ನೆನಪಿಟ್ಟುಕೊಳ್ಳಿ. ಈ ಲೆಕ್ಕ ಗೊತ್ತಿಲ್ಲದೆ ಜನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅಲಾರಂ ಹೊಡೀತು ಅಂತ ಸೆನ್ಸರನ್ನೇ ಬೈತಾರೆ. ಬಿಸಿಲಲ್ಲಿ ನಿಂತ ಗಾಡಿ ನೋಡ್ರಿ ಒಂದ್ಸಲ, ಬಿಸಿಲು ಬೀಳೋ ಕಡೆಯ ಎರಡು ಟೈರು ನೆರಳಿನ ಕಡೆಯವಕ್ಕಿಂತ ಜಾಸ್ತಿ ತೋರಿಸ್ತಿರುತ್ತವೆ.

ಹೈ ಲಿಮಿಟ್ಟೂ ಇದೇ ಕಾರಣಕ್ಕೆ ಸ್ವಲ್ಪ ಸಡಿಲ ಇರಲಿ. ಬೆಳಿಗ್ಗೆ 32 ಇದ್ದದ್ದು ಬೇಸಿಗೆಯಲ್ಲಿ ಸೊಲ್ಲಾಪುರ ರೋಡಲ್ಲಿ ಓಡಿ ಒಳಗೆ 60 ಡಿಗ್ರಿ ಆದರೆ 38 ಆಗುತ್ತೆ. ಅದು ಸಹಜ, ನಿಲ್ಲಿಸಿ ಹವಾ ಬಿಡಬೇಡಿ. ಹೈ 40ಕ್ಕೆ ಇಡಿ. ಟೆಂಪರೇಚರ್ ಅಲಾರಂ 70ರ ಆಸುಪಾಸು ಸಾಕು.

ಇನ್ನು ಹವಾ ಇಳಿಸೋ ವಿಷಯ. ಕಲ್ಲುದಾರಿಗೂ ಹೊಳೆ ಉಸುಕಿಗೂ 18ರಿಂದ 20ಕ್ಕೆ ಇಳಿಸಿದರೆ ಹಿಡಿತ ಚೆನ್ನಾಗಿ ಸಿಗುತ್ತೆ. 15ಕ್ಕಿಂತ ಕೆಳಗೆ ಮಾತ್ರ ಬೇಡ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳೋ ಭಯ ಇರುತ್ತೆ. ನಿಮ್ಮ ಕಿಟ್‌ನಲ್ಲಿ ಎರಡು ಸೆಟ್ಟಿಂಗ್ ಉಳಿಸಿಡೋಕೆ ಬಂದರೆ ಎರಡನೆಯದನ್ನು 16ಕ್ಕೆ ಇಡಿ. ಬರದಿದ್ದರೆ ಮ್ಯೂಟ್ ಮಾಡಿ, ಲಿಮಿಟ್ ಮುಟ್ಟಬೇಡಿ. ಮ್ಯೂಟಲ್ಲೂ ಸುಮಾರು ಕಿಟ್‌ಗಳಲ್ಲಿ ಸ್ಕ್ರೀನ್ ಮೇಲೆ ನಂಬರ್ ಮಿನುಗ್ತಾ ಇರುತ್ತೆ, ಡಾಂಬರು ರೋಡಿಗೆ ಬಂದ ಮೇಲೆ ಹವಾ ತುಂಬಿಸು ಅಂತ ನೆನಪಿಸೋಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ತುಂಬಿಸೋವರೆಗೆ ಮೂವತ್ತು ನಲವತ್ತರ ಮೇಲೆ ಹೋಗಬೇಡಿ. ಸಣ್ಣ ಕಂಪ್ರೆಸರ್ ಗಾಡಿಯಲ್ಲಿ ಇಲ್ಲ ಅಂದ್ರೆ ಹವಾ ಇಳಿಸೋ ಯೋಚನೆಯೇ ಬಿಡಿ, ಜಾಂಬೋಟಿ ಆಚೆ ಬಂಕ್ ಹುಡುಕಿಕೊಂಡು 18ರಲ್ಲಿ ಓಡಿಸೋದು ಬೇಡ. ಹಾಗೇ ಭೀಮಗಡ ವನ್ಯಜೀವಿಧಾಮದ ಒಳಗೆ ಗಾಡಿ ನುಗ್ಗಿಸಬೇಡಿ, ಅಲ್ಲಿ ಪ್ರೆಶರ್ ಎಷ್ಟಿದ್ದರೂ ತಪ್ಪೇ.

ಮಳೆ ಬಿದ್ದ ಎರೆ ಹೊಲಕ್ಕೆ ಎಷ್ಟು ಇಳಿಸಬೇಕು ಅಂತ ಮುಂದೆ ಯಾರಾದ್ರೂ ಕೇಳೇ ಕೇಳ್ತೀರಿ, ಅದಕ್ಕೇ ಈಗಲೇ ಹೇಳ್ತೀನಿ, ಗಾಡಿ ರೋಡಲ್ಲಿ ಬಿಟ್ಟು ನಡ್ಕೊಂಡು ಹೋಗಿ. ಆ ಮಣ್ಣು ಟೈರಿನ ಕಚ್ಚಿನೊಳಗೆ ತುಂಬಿಕೊಂಡ್ರೆ ಟೈರು ನುಣ್ಣಗಾಗುತ್ತೆ, 18ಕ್ಕೂ 30ಕ್ಕೂ ಏನೂ ಫರಕ್ಕಿಲ್ಲ. ಕೊನೆಗೆ ಟ್ರ್ಯಾಕ್ಟರ್ ಕರೆಸಬೇಕು, ಟ್ರ್ಯಾಕ್ಟರಿನವನ ನಗೆ ಬೇರೆ.

ಕ್ಯಾಪ್ ಸೆನ್ಸರ್ ಬಗ್ಗೆ ಎರಡು ಮಾತು. ಕಬ್ಬಿನ ಕೂಳೆಗೆ, ಕಲ್ಲಿಗೆ ಅದು ತಾಗಿ ರಬ್ಬರ್ ವಾಲ್ವ್ ಬುಡದಲ್ಲೇ ಮುರಿಯಬಹುದು, ಸಾಧ್ಯವಾದ್ರೆ ಮೆಟಲ್ ವಾಲ್ವ್ ಹಾಕಿಸಿ. ಹವಾ ಇಳಿಸೋಕೆ ಅದನ್ನ ಬಿಚ್ಚಲೇಬೇಕು, ಮತ್ತೆ ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಸುಮಾರು ಸೆನ್ಸರ್‌ಗಳು ಗಾಡಿ ನಿಂತಾಗ ನಿದ್ದೆ ಮಾಡ್ತವೆ, ಹಾಗಾಗಿ ಸ್ಕ್ರೀನಲ್ಲಿ ಹಳೇ ನಂಬರೇ ಇದ್ದರೆ ಗಾಬರಿ ಬೇಡ, ಸ್ವಲ್ಪ ಮುಂದೆ ಓಡಿಸಿ ನೋಡಿ.

ಕಂಪನಿಯಿಂದಲೇ ಬಂದಿರೋ, ಚಕ್ರ ತಿರುಗೋ ವೇಗ ನೋಡಿ ಹವಾ ಅಂದಾಜು ಮಾಡೋ ಸಿಸ್ಟಮ್ ಇರೋ ಗಾಡಿಯವರು ಇದನ್ನ ಓದ್ತಿದ್ರೆ, ಹವಾ ಇಳಿಸಿದ ಮೇಲೆ ರೀಸೆಟ್ ಬಟನ್ ಒತ್ತಲೇಬೇಡಿ. ಒತ್ತಿದ್ರೆ ಅದು 18ನ್ನೇ ಸರಿ ಅಂತ ಕಲಿತುಬಿಡುತ್ತೆ. ಪೂರ್ತಿ ತುಂಬಿಸಿ, ಟೈರು ತಣ್ಣಗಿದ್ದಾಗ ಒತ್ತಿ.