ಮಯಸ್ತೀನಿಯಾ ಗ್ರಾವಿಸ್‌ಗೆ ಮಾತ್ರೆ ಇರುವಾಗ ಆಪರೇಷನ್ ಯಾಕೆ?

ನಿಮ್ಮ ತಂಗಿಗೆ 29 ವರ್ಷ, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ಮುಟ್ಟದೆ ಸ್ನಾಯು ಸೋಲುವ ಈ ಕಾಯಿಲೆ. ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ (ಸ್ನಾಯು ಆ ಸಂದೇಶ ಹಿಡಿಯುವ ಜಾಗದ ಮೇಲೆ ದೇಹವೇ ತಪ್ಪಾಗಿ ಮಾಡುವ ದಾಳಿಯ ಪ್ರೋಟೀನ್) ಪಾಸಿಟಿವ್, ಮೈಕೈಯಲ್ಲೆಲ್ಲ ಸುಸ್ತು. ಸ್ಕ್ಯಾನ್‌ನಲ್ಲಿ ಗಡ್ಡೆ ಇಲ್ಲದಿದ್ದರೂ ಡಾಕ್ಟರು ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆಸಿ ಅಂದಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ನಾನು ರಾಯಚೂರಿನವಳು. ನನಗೂ ಇದೇ ಕಾಯಿಲೆ, ಆಪರೇಷನ್ ಆಗಿದೆ. ಡಾಕ್ಟರ್ ಅಲ್ಲ, ರೋಗಿಯಾಗಿ ಹೇಳುತ್ತೇನೆ.

ಪಿರಿಡೋಸ್ಟಿಗ್ಮಿನ್ ಮಾತ್ರೆ ಕಾಯಿಲೆಯ ಬುಡಕ್ಕೆ ಹೋಗುವುದಿಲ್ಲ. ನರದ ಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುತ್ತದೆ, ಅಷ್ಟೇ. ಮೂರ್ನಾಲ್ಕು ಗಂಟೆಯಲ್ಲಿ ಅದರ ಜೋರು ಮುಗಿಯಿತು. ನಾನು ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳುತ್ತೇನೆ. ಇಲ್ಲದಿದ್ದರೆ ಖಡಕ್ ರೊಟ್ಟಿ ಅರ್ಧಕ್ಕೇ ದವಡೆ ಸೋಲುತ್ತದೆ. ಹೊಟ್ಟೆ ನುಲಿತ, ಭೇದಿ ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ.

ಸ್ನಾಯುವಿನ ಮೇಲೆ ದಾಳಿ ಮಾಡುವ ಆಂಟಿಬಾಡಿಗಳನ್ನು ಹತೋಟಿಗೆ ತರಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಅಜಾಥಯೋಪ್ರಿನ್ ಕೊಡುತ್ತಾರೆ. ಮೊದಲನೆಯದು ಶುರುವಿನ ವಾರಗಳಲ್ಲಿ ಸುಸ್ತು ಹೆಚ್ಚಿಸಬಹುದು. ಎರಡನೆಯದು ಕೆಲಸ ತೋರಿಸಲು ತಿಂಗಳುಗಟ್ಟಲೆ ಬೇಕು. ಯಾವುದನ್ನೂ ತಾವಾಗಿ ನಿಲ್ಲಿಸಬಾರದು.

ಇನ್ನು ಥೈಮಸ್. ಎದೆಮೂಳೆಯ ಹಿಂದಿರುವ ಈ ಗ್ರಂಥಿಯೇ ಎಷ್ಟೋ ಜನರಲ್ಲಿ ಆ ಆಂಟಿಬಾಡಿಗಳ ತವರು. ಗಡ್ಡೆ ಇದ್ದರೆ ಸಾಮಾನ್ಯವಾಗಿ ತೆಗೆಯಲೇಬೇಕು. ಗಡ್ಡೆ ಇಲ್ಲದವರ ಬಗ್ಗೆ 2016ರಲ್ಲಿ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ನಿಮ್ಮ ತಂಗಿಯ ಹಾಗೆ ಆಂಟಿಬಾಡಿ ಪಾಸಿಟಿವ್ ಇದ್ದ, 65 ವರ್ಷದೊಳಗಿನ 126 ಜನರನ್ನು ಮೂರು ವರ್ಷ ನೋಡಿದರು. ಬರೀ ಸ್ಟೀರಾಯ್ಡ್ ತಗೊಂಡವರಿಗಿಂತ ಆಪರೇಷನ್ ಕೂಡ ಮಾಡಿಸಿಕೊಂಡವರಿಗೆ ಬಲವೂ ಹೆಚ್ಚಿತು, ಸ್ಟೀರಾಯ್ಡ್ ಕೂಡ ಕಡಿಮೆ ಸಾಕಾಯಿತು. ಹಾಗಾಗಿ ಡಾಕ್ಟರ ಮಾತಿನಲ್ಲಿ ಹುರುಳಿದೆ ಅಂತ ನನಗನ್ನಿಸುತ್ತದೆ.

ಆದರೆ ಫಲ ನಿಧಾನ. ತಿಂಗಳುಗಳು, ಕೆಲವರಿಗೆ ವರ್ಷಗಳು. "ಆಪರೇಷನ್ ಆಯ್ತಲ್ಲ, ಇನ್ನೂ ಮಾತ್ರೆ ಯಾಕವ್ವಾ?" ಅಂತ ನಮ್ಮ ಓಣಿಯವರು ಈಗಲೂ ಕೇಳುತ್ತಾರೆ! ಅವಸರವೂ ಬೇಡ. ನುಂಗುವುದು, ಉಸಿರಾಟ ಸ್ಥಿರವಾಗಿದ್ದಾಗ ಮಾಡಿಸಬೇಕು. ಇಲ್ಲದಿದ್ದರೆ ಮೊದಲು ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್) ಅಥವಾ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವ ಬದಲಿಸಿ ಕೆಟ್ಟ ಆಂಟಿಬಾಡಿ ತೆಗೆಯುವುದು) ಮಾಡುತ್ತಾರೆ. ನ್ಯೂರಾಲಜಿಸ್ಟ್, ಎದೆಯ ಸರ್ಜನ್, ಐಸಿಯು ಮೂರೂ ಒಂದೇ ಕಡೆ ಇರುವ ಆಸ್ಪತ್ರೆ ನೋಡಿ. ನಮಗೆ ಹೈದರಾಬಾದ್ ಹತ್ತಿರ, ಕೊಪ್ಪಳದವರಾದ ನಿಮಗೆ ಹುಬ್ಬಳ್ಳಿ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಜ್ವರ ಬಂದರೆ ಸುಮ್ನೆ ಒಂದು ಇಂಜೆಕ್ಷನ್, ಒಂದು ಬಾಟ್ಲಿ ಅಲ್ವಾ? ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್‌ಗಳು, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಮ್ ಈ ಕಾಯಿಲೆಯನ್ನು ಕೆರಳಿಸಬಹುದು. ಚೀಟಿ ಬರೆದು ಪರ್ಸಿನಲ್ಲಿಡಲಿ, ಸೂಜಿಗೆ ಮೊದಲು ತೋರಿಸಲಿ. ಬೇಸಿಗೆಯ ಬಿಸಿಲೂ ಸುಸ್ತು ಹೆಚ್ಚಿಸುತ್ತದೆ. ಉಗುಳು ನುಂಗಲಾಗದಿದ್ದರೆ, ಮಲಗಿದಾಗ ಉಸಿರು ಸಾಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ನೇರ ಹೋಗಿ.