ವಾಹನಪಥವನ್ನು ಕಿರಿದುಗೊಳಿಸಿದರೆ ದಟ್ಟಣೆ ಹೆಚ್ಚುವುದಿಲ್ಲವೇ? ನಡೆಯುವವರಿಗೂ ಸೈಕಲ್ ಸವಾರರಿಗೂ ಅದರಿಂದ ಏನು ಲಾಭ?

ಸಾಮಾನ್ಯವಾಗಿ ಹೆಚ್ಚುವುದಿಲ್ಲ, ಏಕೆಂದರೆ ರಸ್ತೆಯಲ್ಲಿ ಎಷ್ಟು ವಾಹನಗಳು ಸಾಗಬಲ್ಲವು ಎಂಬುದನ್ನು ನಿರ್ಧರಿಸುವುದು ಅದರ ಅತಿ ಕಿರಿದಾದ ಭಾಗವೇ ಹೊರತು ಅಲ್ಲಲ್ಲಿ ಸಿಗುವ ಹೆಚ್ಚುವರಿ ಅಗಲವಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್‌ಶ್ಯೂರ್ ಎಂಬ ನಗರ ರಸ್ತೆ ಅಭಿವೃದ್ಧಿ ಯೋಜನೆಯಡಿ ಮರುವಿನ್ಯಾಸಗೊಳಿಸಿದಾಗ ವಾಹನಪಥಕ್ಕೆ ಉದ್ದಕ್ಕೂ ಒಂದೇ ಅಗಲ ಕೊಟ್ಟು, ಉಳಿದ ಜಾಗವನ್ನು ಪಾದಚಾರಿ ಮಾರ್ಗಕ್ಕೆ ಸೇರಿಸಲಾಯಿತು. ಕೇಬಲ್ಲು, ಕೊಳವೆಗಳು ಅದರಡಿಗೆ ಹೋದವು. ಸುರಕ್ಷತೆ ನಿಂತಿರುವುದು ವೇಗದ ಮೇಲೆ. ಪಥ ಕಿರಿದಾದಾಗ ಚಾಲಕರು ತಾವಾಗಿಯೇ ನಿಧಾನಿಸುತ್ತಾರೆ, ಮತ್ತು ವೇಗ ಗಂಟೆಗೆ 50 ಕಿ.ಮೀ.ಯಿಂದ 30ಕ್ಕೆ ಇಳಿದರೆ ವಾಹನದ ಚಲನಶಕ್ತಿ, ಅಂದರೆ ಡಿಕ್ಕಿಯಲ್ಲಿ ಮೈಮೇಲೆರಗುವ ಶಕ್ತಿ, ಶೇ 64ರಷ್ಟು ತಗ್ಗುತ್ತದೆ. ಪಾದಚಾರಿ ಮಾರ್ಗದಲ್ಲಿರುವ ಮರಗಳ ವಿಷಯದಲ್ಲಿ ಮಾತ್ರ ನಮ್ಮ ನಗರಗಳು ಮಾಡುತ್ತಿರುವುದು ನೋವಿನ ಸಂಗತಿ: ಕಾಂಡದವರೆಗೂ ಕಾಂಕ್ರೀಟ್ ಸುರಿದರೆ ಬೇರಿಗೆ ನೀರೂ ಗಾಳಿಯೂ ಇಳಿಯದು, ಆದ್ದರಿಂದ ಬುಡದ ಸುತ್ತ ಮಣ್ಣನ್ನು ತೆರೆದಿಡಲೇಬೇಕು.