ಪಟಾಕಿ ಮಾರಾಟವನ್ನೇ ನಿಷೇಧಿಸಬೇಕೇ?

ದೀಪಾವಳಿಯಲ್ಲಿ ಮಗುವಿನ ಕಣ್ಣಿಗೆ ಪೆಟ್ಟಾದ ಸುದ್ದಿ ಓದಿ, ಜನಸಾಮಾನ್ಯರಿಗೆ ಪಟಾಕಿ ಮಾರುವುದನ್ನೇ ನಿಲ್ಲಿಸಬಾರದೇಕೆ ಎಂದು ಕೇಳಿದ್ದೀರಿ. ನಿಮ್ಮ ಆತಂಕ ನ್ಯಾಯವಾದದ್ದು. ಹಬ್ಬದ ದಿನಗಳಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಕ್ಕಳೂ ದಾರಿಹೋಕರೂ ಇರುತ್ತಾರೆ. ಆದ್ದರಿಂದ ಇದನ್ನು ಹಚ್ಚುವವರ ಸ್ವಂತ ಇಷ್ಟದ ವಿಷಯವೆಂದು ಬಿಟ್ಟುಬಿಡಲಾಗದು.

ಆದರೂ ಸಂಪೂರ್ಣ ನಿಷೇಧವನ್ನು ನಾನು ಒಪ್ಪಲಾರೆ. ದೆಹಲಿಯಲ್ಲಿ ವರ್ಷಗಳ ಕಾಲ ನಿಷೇಧವಿದ್ದರೂ ಪಟಾಕಿಯ ಸದ್ದು ನಿಲ್ಲಲಿಲ್ಲ. ಕಳ್ಳದಾರಿಯಲ್ಲಿ ಬಂದ ಸರಕಿನ ಗುಣಮಟ್ಟವನ್ನು ಪರೀಕ್ಷಿಸುವವರೂ ಇರುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲೇ ಸರಪಟಾಕಿಯನ್ನು ನಿಷೇಧಿಸಿ, ಕಡಿಮೆ ಮಾಲಿನ್ಯದ ‘ಹಸಿರು ಪಟಾಕಿ’ಗೆ ಮಾತ್ರ ಅವಕಾಶ ನೀಡಿ, ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಸಮಯ ನಿಗದಿಪಡಿಸಿತ್ತು. ನಮ್ಮ ಬೀದಿಗಳಲ್ಲಿ ಅದನ್ನು ಪಾಲಿಸುವವರು ತೀರ ಕಡಿಮೆ ಎಂಬುದೇ ನನ್ನ ನಿಜವಾದ ದುಃಖ.

ದಾಸ್ತಾನು ಮತ್ತು ಮಾರಾಟದ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಕೂಡದು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಬೆಂದು ಸತ್ತರು. ಅವರಲ್ಲಿ ಹಲವರು ಹಬ್ಬದ ಕಾಲದ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು.

ನನ್ನ ಅಭಿಪ್ರಾಯದಲ್ಲಿ ಸುರುಸುರುಬತ್ತಿ, ಹೂಕುಂಡಗಳಂಥವು ಮನೆಮಂದಿಗೆ ಸಿಗಲಿ, ಅವನ್ನೂ ದೊಡ್ಡವರ ಕಣ್ಣೆದುರೇ ಹಚ್ಚಲಿ. ರಾಕೆಟ್ ಮತ್ತು ಭಾರೀ ಸಿಡಿತದ ಪಟಾಕಿಗಳು ತರಬೇತಿ ಪಡೆದವರ ಕೈಯಲ್ಲಿ, ಬಡಾವಣೆಗೊಂದರಂತೆ ಗುರುತಿಸಿದ ಬಯಲಿನಲ್ಲಿ ಮಾತ್ರ ಇರಲಿ.